ಯೆಹೂದಿ ದೈವಶಾಸ್ತ್ರ: 61ರ ವಯಸ್ಸಿನಲ್ಲಿ ಎಲ್ಲಿಂದ ಓದಲು ತೊಡಗಬೇಕು?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು, ವಯಸ್ಸು 61, ಊರು ದಾವಣಗೆರೆ. ನಾನೂ ನನ್ನ ಗೆಳೆಯರಾದ ನಿವೃತ್ತ ಉಪನ್ಯಾಸಕರೂ ನಾಲ್ಕು ವರ್ಷ ದಿನಾ ಬೆಳಿಗ್ಗೆ ಒಟ್ಟಿಗೆ ಕೂತು ಗೀತೆಯನ್ನು ಮೂವರು ಆಚಾರ್ಯರ ಭಾಷ್ಯಗಳೊಂದಿಗೆ ಓದಿದೆವು. ಈಗ ಯೆಹೂದಿ ಧರ್ಮದ ದೈವಶಾಸ್ತ್ರ ತಿಳಿಯುವ ಆಸೆಯಾಗಿದೆ. ಕನ್ನಡ ಬೈಬಲಿನ ಹಳೆ ಒಡಂಬಡಿಕೆ ಓದಿದ್ದೇನೆ. ಅಲ್ಲಿನ ದೇವರು ಬಲು ಕೋಪಿಷ್ಠನಾಗಿ ಕಂಡ. ಅವರ ಸಿದ್ಧಾಂತವನ್ನೆಲ್ಲ ಒಂದೆಡೆ ಹೇಳುವ ಗ್ರಂಥ ಯಾವುದು? ಹೀಬ್ರೂ ಬಾರದ, ಆ ಧರ್ಮದವರೂ ಅಲ್ಲದ ನಮ್ಮಂಥವರು ಈ ವಯಸ್ಸಿನಲ್ಲಿ ಶುರು ಮಾಡಬಹುದೇ?

ಉತ್ತರ: ಅಂಥ ಗ್ರಂಥ ಇಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಅದನ್ನೇ ಹುಡುಕುತ್ತ ವರ್ಷಗಟ್ಟಲೆ ಕಳೆದು, ಕೊನೆಗೆ ಬೇಸತ್ತು ಕೈಬಿಟ್ಟವರನ್ನು ನೋಡಿದ್ದೇನೆ. ನಮ್ಮಲ್ಲಿ ಒಂದು ದರ್ಶನ ಕಲಿಯಲು ಹೊರಟರೆ ಸೂತ್ರ ಇದೆ, ಭಾಷ್ಯ ಇದೆ, ಪೂರ್ವಪಕ್ಷ ಮುಗಿದ ಮೇಲೆ ಸಿದ್ಧಾಂತ ಇದೆ. ಯೆಹೂದಿ ಪರಂಪರೆಯಲ್ಲಿ ಪೂರ್ವಪಕ್ಷಗಳು ರಾಶಿ ರಾಶಿ ಸಿಗುತ್ತವೆ. ಏನು ಮಾಡಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ತೀರ್ಪುಗಳೂ ಸಿಗುತ್ತವೆ: ಸಬ್ಬತ್ತಿನ (ವಾರದ ವಿಶ್ರಾಂತಿ ದಿನದ) ದೀಪ ಯಾವ ಹೊತ್ತಿಗೆ ಹಚ್ಚಬೇಕು, ಹಾಲನ್ನೂ ಮಾಂಸವನ್ನೂ ಹೇಗೆ ಬೇರೆ ಇಡಬೇಕು, ಬಡವ ಒತ್ತೆಯಿಟ್ಟ ಹೊದಿಕೆಯನ್ನು ಯಾವಾಗ ಮರಳಿಸಬೇಕು. ಆದರೆ ದೇವರ ಬಗ್ಗೆ ಏನು ನಂಬಬೇಕು ಎಂದು ಕೇಳಿದರೆ ವಾದ ಮುಗಿಯುವುದೇ ಇಲ್ಲ.

ಮುಗಿಸಲು ಯತ್ನಿಸಿದವರು ಇದ್ದಾರೆ. ಎಲ್ಲರಿಗಿಂತ ದೊಡ್ಡವರು ಮೈಮೊನಿಡೀಸ್. ಯೆಹೂದಿಗಳು ಅವರನ್ನು ರಂಬಮ್ ಎನ್ನುತ್ತಾರೆ. 1138ರಲ್ಲಿ ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿ, 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ ವೈದ್ಯರು. ಯೌವನದಲ್ಲಿ ಬರೆದ, ಮಿಷ್ನಾ ಎಂಬ ಹಳೆಯ ಕಟ್ಟಳೆಗಳ ಸಂಗ್ರಹದ ವ್ಯಾಖ್ಯಾನದಲ್ಲಿ ಅವರು 13 ತತ್ವಗಳನ್ನು ಪಟ್ಟಿ ಮಾಡಿದರು: ದೇವರಿದ್ದಾನೆ, ಒಬ್ಬನೇ, ಅವನಿಗೆ ದೇಹವಿಲ್ಲ ಎಂದು ಶುರುವಾಗಿ ಮೆಸ್ಸೀಯ ಎಂಬ ಉದ್ಧಾರಕ ಬರುತ್ತಾನೆ, ಸತ್ತವರು ಏಳುತ್ತಾರೆ ಎಂಬಲ್ಲಿಗೆ ಮುಗಿಯುತ್ತದೆ. ಹೆಚ್ಚಿನ ಪರಿಚಯ ಪುಸ್ತಕಗಳು ಇದನ್ನೇ 'ಯೆಹೂದಿ ಸಿದ್ಧಾಂತ' ಎಂದು ಕೊಟ್ಟು ಮುಂದೆ ಹೋಗುತ್ತವೆ. ಆಮೇಲೆ ನಡೆದದ್ದನ್ನು ಹೇಳುವುದಿಲ್ಲ. 15ನೇ ಶತಮಾನದಲ್ಲಿ ಯೋಸೆಫ್ ಆಲ್ಬೋ ಆ 13ನ್ನು ಮೂರಕ್ಕೆ ಇಳಿಸಿದರು. ಅದೇ ಶತಮಾನದ ಕೊನೆಗೆ ಐಸಾಕ್ ಅಬ್ರವನೆಲ್, ತೋರಾದಲ್ಲಿ (ಬೈಬಲಿನ ಮೊದಲ ಐದು ಕಾಂಡಗಳಲ್ಲಿ) ಇದು ಮೂಲ ಇದು ಕೊಂಬೆ ಎಂದು ವಿಂಗಡಿಸುವುದೇ ತಪ್ಪು, ಎಲ್ಲವೂ ಮೂಲವೇ ಎಂದರು. 1783ರಲ್ಲಿ ಬರ್ಲಿನ್ನಿನ ಮೋಸೆಸ್ ಮೆಂಡೆಲ್‌ಸನ್ ಇನ್ನೂ ಮುಂದೆ ಹೋಗಿ, ಸೀನಾಯಿ ಬೆಟ್ಟದಲ್ಲಿ ದೇವರು ಕೊಟ್ಟದ್ದು ನಿಯಮಗಳನ್ನು, ನಂಬಲೇಬೇಕಾದ ತತ್ವಗಳನ್ನಲ್ಲ ಎಂದು ವಾದಿಸಿದರು. ಇಷ್ಟೆಲ್ಲ ಆದರೂ ಆ 13 ತತ್ವಗಳು 'ಯಿಗ್ದಲ್' ಎಂಬ ಹಾಡಾಗಿ ಇಂದಿಗೂ ಸಿನಗಾಗ್‌ಗಳಲ್ಲಿ, ಅಂದರೆ ಯೆಹೂದಿ ಪ್ರಾರ್ಥನಾಮಂದಿರಗಳಲ್ಲಿ, ಕೇಳಿಬರುತ್ತವೆ. ವಾದದಲ್ಲಿ ಒಪ್ಪದ್ದನ್ನು ರಾಗದಲ್ಲಿ ಒಪ್ಪಿಕೊಂಡ ಜನ ಅವರು.

'ನಂಬಿಕೆ' ಎಂದು ನಾವು ಅನುವಾದಿಸುವ ಹೀಬ್ರೂ ಪದ 'ಎಮುನಾ'. ವಿಮೋಚನಕಾಂಡದ 17ನೇ ಅಧ್ಯಾಯದಲ್ಲಿ ಯುದ್ಧ ನಡೆಯುವಾಗ ಮೋಶೆ ಬೆಟ್ಟದ ಮೇಲೆ ಕೈಯೆತ್ತಿ ಕೂರುತ್ತಾನೆ. ಕೈ ಸೋತಾಗ ಇಬ್ಬರು ಎರಡು ಕಡೆಯಿಂದ ಆನಿಕೆಯಾಗಿ ನಿಲ್ಲುತ್ತಾರೆ. ಹೊತ್ತು ಮುಳುಗುವ ತನಕ ಅವನ ಕೈಗಳು 'ಎಮುನಾ' ಆಗಿದ್ದವು ಎಂದು ಬರುತ್ತದೆ. ಅಂದರೆ ಕದಲದೆ ನಿಂತಿದ್ದವು. ಒಂದು ಮಾತನ್ನು ನಿಜವೆಂದು ಒಪ್ಪುವುದಕ್ಕಿಂತ ಒಬ್ಬರ ಜೊತೆ ಕದಲದೆ ನಿಲ್ಲುವುದು ಆ ಪದದ ಒಳಗಿದೆ. ನಮ್ಮ ಹಳೆಯ 'ನೆಚ್ಚು' ಎಂಬ ಮಾತು ಇದಕ್ಕೆ ಹತ್ತಿರ ಎಂದು ನನಗೆ ತೋರುತ್ತದೆ. 'ಅವರ ನಂಬಿಕೆಗಳೇನು' ಎಂಬ ಪ್ರಶ್ನೆಗೆ ನೇರ ಉತ್ತರ ಸಿಗದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಕೋಪಿಷ್ಠ ದೇವರ ಮಾತು. 'ಹಳೆ ಒಡಂಬಡಿಕೆ' ಎಂಬ ಹೆಸರೇ ಕ್ರೈಸ್ತರದು. ಹೊಸದೊಂದು ಬಂದಿದೆ ಎನ್ನುವವರಿಗೆ ಮಾತ್ರ ಅದು ಹಳೆಯದು. ಯೆಹೂದಿಗಳಿಗೆ ಅದು 'ತನಖ್', 24 ಪುಸ್ತಕಗಳ ಗುಚ್ಛ. ಜೋಡಣೆಯೂ ಬೇರೆ. ಕನ್ನಡ ಬೈಬಲಿನಲ್ಲಿ ಹಳೆ ಒಡಂಬಡಿಕೆ ಮಲಾಕಿಯಲ್ಲಿ, ಎಲೀಯ ಬರುವನೆಂಬ ನಿರೀಕ್ಷೆಯಲ್ಲಿ ಮುಗಿದು ಓದುಗರನ್ನು ಹೊಸ ಒಡಂಬಡಿಕೆಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ತನಖ್ ಮುಗಿಯುವುದು ಪೂರ್ವಕಾಲವೃತ್ತಾಂತದಲ್ಲಿ, ಪರ್ಷಿಯಾದ ದೊರೆ ಸೈರಸ್ ಸೆರೆಯಲ್ಲಿದ್ದವರಿಗೆ ಜೆರುಸಲೇಮಿಗೆ ಮರಳಲು ಕೊಟ್ಟ ಅಪ್ಪಣೆಯಲ್ಲಿ. ಪುಸ್ತಕದ ಕೊನೆಯ ಪದ 'ಅವನು ಹತ್ತಿ ಹೋಗಲಿ'. ಅವೇ ಪುಟಗಳು, ಕಥೆ ಮಾತ್ರ ಬೇರೆ. 'ತೋರಾ' ಎಂಬುದನ್ನು ಕನ್ನಡ ಬೈಬಲು 'ಧರ್ಮಶಾಸ್ತ್ರ' ಎನ್ನುತ್ತದೆ; ಪದದ ಮೂಲ ಅರ್ಥ ಕಲಿಸುವುದು, ದಾರಿ ತೋರುವುದು.

ಕೋಪ ಇಲ್ಲವೆಂದಲ್ಲ, ಇದೆ. ಅದನ್ನು ಪರಂಪರೆ ಹೇಗೆ ಓದಿತು ಎಂಬುದನ್ನು ನೋಡಿ. ಜನ ಚಿನ್ನದ ಕರುವನ್ನು ಪೂಜಿಸಿದ ಪಾಪದ ನಂತರ, ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ದೇವರು ತನ್ನ ಗುಣಗಳನ್ನು ತಾನೇ ಸಾರುತ್ತಾನೆ: ಕನಿಕರವುಳ್ಳವನು, ದಯಾಳು, ಕೋಪಕ್ಕೆ ನಿಧಾನಿ, ಸಾವಿರ ತಲೆಮಾರಿಗೆ ಪ್ರೀತಿ ಇಟ್ಟುಕೊಳ್ಳುವವನು. ವಾಕ್ಯ ಮುಂದುವರಿದು, ಆದರೂ ತಪ್ಪಿತಸ್ಥರನ್ನು ಸುಮ್ಮನೆ ಬಿಡುವವನಲ್ಲ ಎನ್ನುತ್ತದೆ. ಹೀಬ್ರೂವಿನಲ್ಲಿ ಅದು 'ವೆನಕ್ಕೇ ಲೋ ಯೆನಕ್ಕೇ'. ಮೊದಲ ಪದವನ್ನಷ್ಟೇ ಬಿಡಿಸಿ ಓದಿದರೆ 'ಶುದ್ಧಗೊಳಿಸುವವನು' ಎಂದಾಗುತ್ತದೆ. ಮುಂದಿನ ಎರಡು ಪದ ಸೇರಿದರೆ ಅರ್ಥ ತಿರುಗುತ್ತದೆ. ಯೋಮ್ ಕಿಪ್ಪುರ್ ಉಪವಾಸದ ದಿನ ಈ ಸಾಲನ್ನು ಪ್ರಾರ್ಥನೆಯಲ್ಲಿ ಮತ್ತೆ ಮತ್ತೆ ಹೇಳುತ್ತಾರೆ, ಮತ್ತು ಪ್ರತಿ ಸಲವೂ 'ವೆನಕ್ಕೇ' ಎಂಬಲ್ಲಿ ನಿಲ್ಲಿಸುತ್ತಾರೆ. ದೇವರ ಮಾತನ್ನೇ ನಡುವೆ ತುಂಡರಿಸಿ, ಕರುಣೆಯ ಅರ್ಧವನ್ನು ಅವನ ಮುಂದೆ ಹಿಡಿಯುತ್ತಾರೆ. ಮೂಲವನ್ನು ಮಾತ್ರ ಓದಿದವರಿಗೆ ಇದು ಕಾಣುವುದಿಲ್ಲ. ನೀವು ಗೀತೆಯನ್ನು ಭಾಷ್ಯವಿಲ್ಲದೆ ಓದಿದ್ದರೆ ಮೂರು ಮತಗಳು ಕಾಣುತ್ತಿದ್ದವೇ? ಹಾಗೆಯೇ.

ಕನ್ನಡ ಬೈಬಲಿನ 'ಯೆಹೋವ' ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. ಮೂಲದಲ್ಲಿ ನಾಲ್ಕು ವ್ಯಂಜನಗಳ ಆ ಹೆಸರನ್ನು ಯೆಹೂದಿಗಳು ಉಚ್ಚರಿಸುವುದಿಲ್ಲ. ಪಠಣದಲ್ಲಿ ಬಂದರೆ 'ಅದೋನಾಯ್', ಅಂದರೆ ಒಡೆಯ. ಮಾತಿನಲ್ಲಾದರೆ 'ಹಶೇಮ್', ಅಂದರೆ ಆ ಹೆಸರು. ಗಂಡನ ಹೆಸರೆತ್ತದೆ 'ಅವರು' ಎನ್ನುತ್ತಿದ್ದ ನಮ್ಮ ಅಜ್ಜಿಯಂದಿರ ನೆನಪಾಗಬಹುದು. ಕಾರಣ ಬೇರೆ, ದನಿ ತುಸು ಅದೇ. ನೀವು ಓದುವಾಗಲೂ 'ಅದೋನಾಯ್' ಎಂದೇ ಓದಿಕೊಳ್ಳಿ. ಆ ಹೆಸರು ಬರೆದ ಕಾಗದವನ್ನು ಎಸೆಯಬಾರದು, ಸುಡಬಾರದು ಎಂಬ ಕಟ್ಟಳೆಯಿಂದ ಹುಟ್ಟಿದ್ದು 'ಗೆನಿಝಾ' ಎಂಬ ಕೋಣೆ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗಿನ ಅಂಥ ಕೋಣೆಯಲ್ಲಿ ಲಕ್ಷಾಂತರ ಕಾಗದದ ಚೂರುಗಳು ಉಳಿದುಕೊಂಡವು. ನಮ್ಮ ಮಂಗಳೂರಿನಲ್ಲಿ 12ನೇ ಶತಮಾನದಲ್ಲಿ ಸುಮಾರು 17 ವರ್ಷ ನೆಲೆಸಿ ಕಂಚಿನ ಕಾರ್ಖಾನೆ ನಡೆಸಿದ ಟುನೀಶಿಯ ಮೂಲದ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಸಿಕ್ಕಿದ್ದು ಅಲ್ಲೇ. ದೇವರ ಹೆಸರಿನ ಬಗೆಗಿನ ಭಯಭಕ್ತಿ ಇಲ್ಲದಿದ್ದರೆ ಮಂಗಳೂರಿನ ಚರಿತ್ರೆಯ ಒಂದು ಪುಟ ನಮಗೆ ಸಿಗುತ್ತಲೇ ಇರಲಿಲ್ಲ.

ಈಗ ಆರಂಭದ ಪಾಠ. ಧರ್ಮೋಪದೇಶಕಾಂಡದ 6ನೇ ಅಧ್ಯಾಯದ 4ನೇ ವಚನ ತೆಗೆಯಿರಿ: 'ಶ್ಮ ಯಿಸ್ರಾಯೇಲ್, ಅದೋನಾಯ್ ಎಲೋಹೇನು, ಅದೋನಾಯ್ ಎಖಾದ್.' ಕೇಳು ಇಸ್ರಾಯೇಲೇ, ಅದೋನಾಯ್ ನಮ್ಮ ದೇವರು, ಅದೋನಾಯ್ ಒಬ್ಬನೇ. ಮೂಲದಲ್ಲಿ ಆರೇ ಪದ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹೇಳುವ ಮಾತು. ಸಾಯುವಾಗ ನಾಲಗೆಯ ಮೇಲಿರಬೇಕಾದ ಮಾತು. 'ನಂಬು' ಎಂದಿಲ್ಲ, 'ಕೇಳು' ಎಂದಿದೆ. 'ಒಬ್ಬನೇ' ಎಂದರೇನು? ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ (1040–1105) ಇದನ್ನು ಕಾಲದ ಮಾತಾಗಿ ಓದುತ್ತಾರೆ: ಇಂದು ಅವನು ನಮ್ಮ ದೇವರು, ಮುಂದೊಂದು ದಿನ ಎಲ್ಲ ಜನಗಳಿಗೂ ಅವನೊಬ್ಬನೇ ಆಗುತ್ತಾನೆ. ಅಂದರೆ ಏಕತ್ವ ಇನ್ನೂ ಪೂರ್ತಿಯಾಗಿಲ್ಲ, ಅದು ಕಾಯಬೇಕಾದದ್ದು. ಮೈಮೊನಿಡೀಸ್ ತತ್ವದ ಮಾತಾಗಿ ಓದುತ್ತಾರೆ: ಒಂದು ಜಾತಿ ಎನ್ನುವಾಗಿನ ಒಂದಲ್ಲ, ಭಾಗ ಮಾಡಬಹುದಾದ ಒಂದು ವಸ್ತುವಿನ ಒಂದೂ ಅಲ್ಲ, ಬೇರೆಲ್ಲೂ ಇಲ್ಲದ ಒಂದು. 18ನೇ ಶತಮಾನದ, ಹಸೀದಿ ಎಂಬ ಭಕ್ತಿಪಂಥದ ಗುರು ಲಿಯಾದಿಯ ಶ್ನೆಯೂರ್ ಝಲ್ಮನ್, ಅವನಲ್ಲದೆ ನಿಜವಾಗಿ ಬೇರೇನೂ ಇಲ್ಲ ಎಂದೇ ಓದುತ್ತಾರೆ.

ಇಲ್ಲಿ ನಿಮ್ಮಿಬ್ಬರಿಗೂ 'ಇದು ನಮ್ಮ ಅದ್ವೈತವೇ' ಎನಿಸುತ್ತದೆ. ನನಗೂ ಎನಿಸಿತ್ತು. ಆ ಸಂತೋಷವನ್ನು ಸ್ವಲ್ಪ ದಿನ ತಡೆದುಕೊಳ್ಳಿ. ಮೈಮೊನಿಡೀಸರು ದೇವರ ಬಗ್ಗೆ ಏನಲ್ಲ ಎಂದಷ್ಟೇ ಹೇಳಬಹುದು ಎನ್ನುವುದು ನೇತಿ ನೇತಿಗೆ ಹತ್ತಿರ, ನಿಜ. 'ನಿನಗೆ ಮೌನವೇ ಸ್ತುತಿ' ಎಂಬ 65ನೇ ಕೀರ್ತನೆಯ ಮಾತನ್ನು ಅವರು ಅದಕ್ಕೆ ಆಧಾರವಾಗಿ ತರುತ್ತಾರೆ. ಆದರೆ ಅವರ ದೇವರು ನಮ್ಮೊಳಗಿನ ಆತ್ಮವಲ್ಲ. ಸೃಷ್ಟಿಸಿದವನು, ಆಜ್ಞಾಪಿಸುವವನು, ಒಂದು ಜನಾಂಗದೊಂದಿಗೆ ಒಡಂಬಡಿಕೆ ಮಾಡಿಕೊಂಡವನು. ಶ್ನೆಯೂರ್ ಝಲ್ಮನ್ನರಲ್ಲಂತೂ ಗುರಿ ಲೋಕದಿಂದ ಬಿಡುಗಡೆಯಲ್ಲ. ಈ ಕೆಳಗಿನ ಲೋಕವನ್ನು ಅವನು ವಾಸಿಸುವ ಮನೆಯಾಗಿ ಮಾಡುವುದು. ಹೋಲಿಕೆ ಬಾಗಿಲು ತೆರೆಯುತ್ತದೆ, ಆದರೆ ಬೇಗ ಹೋಲಿಸಿದರೆ ಬಾಗಿಲಲ್ಲೇ ನಿಂತುಬಿಡುತ್ತೇವೆ.

ಎರಡನೆಯ ಪಾಠ ತಾಲ್ಮೂಡಿನಿಂದ. ಮಿಷ್ನಾ ಸುಮಾರು ಕ್ರಿ.ಶ. 200ರಲ್ಲಿ ಸಂಕಲನವಾಯಿತು, ಅದರ ಮೇಲೆ ಬಾಬಿಲೋನಿನ ಶಾಲೆಗಳಲ್ಲಿ ತಲೆಮಾರುಗಟ್ಟಲೆ ನಡೆದ ಚರ್ಚೆಯೇ ತಾಲ್ಮೂಡ್. 'ಬಾವಾ ಮೆಟ್ಸಿಯಾ' ಎಂಬ ಭಾಗದ 59ನೇ ಹಾಳೆಯಲ್ಲಿ ಒಂದು ಒಲೆಯ ಕಥೆ ಬರುತ್ತದೆ. ಸುತ್ತುಸುತ್ತಾಗಿ ಕತ್ತರಿಸಿ ನಡುವೆ ಮರಳು ತುಂಬಿದ ಒಲೆ ಮೈಲಿಗೆಯಾಗಬಲ್ಲದೇ? ಆಗದು, ಶುದ್ಧವೇ ಎಂದರು ರಬ್ಬಿ (ಧರ್ಮಗುರು) ಎಲಿಯೆಜರ್. ಆಗುತ್ತದೆ ಎಂದರು ಉಳಿದ ಪಂಡಿತರೆಲ್ಲ. ಎಲಿಯೆಜರ್ ಎಲ್ಲ ವಾದಗಳನ್ನೂ ಮಂಡಿಸಿದರು, ಯಾರೂ ಒಪ್ಪಲಿಲ್ಲ. ನಾನು ಹೇಳಿದ್ದು ಸರಿಯಾದರೆ ಈ ಮರ ಸಾಕ್ಷಿ ಹೇಳಲಿ ಎಂದರು. ಕ್ಯಾರೋಬ್ ಮರ ಬೇರುಸಹಿತ ಕಿತ್ತು ನೂರು ಮೊಳ ಆಚೆ ನಿಂತಿತು. ಮರದಿಂದ ಪ್ರಮಾಣ ತರಬಾರದು ಎಂದರು ಪಂಡಿತರು. ಕಾಲುವೆ ಹಿಂದಕ್ಕೆ ಹರಿಯಿತು, ಒಪ್ಪಲಿಲ್ಲ. ಶಾಲೆಯ ಗೋಡೆಗಳು ವಾಲಿದವು. ರಬ್ಬಿ ಯೆಹೋಶುವ ಗೋಡೆಗಳನ್ನೇ ಗದರಿದರು: ವಿದ್ವಾಂಸರು ವಾದಿಸುವಾಗ ನಿಮಗೇನು ಕೆಲಸ? ಯೆಹೋಶುವರ ಗೌರವಕ್ಕೆ ಗೋಡೆಗಳು ಬೀಳಲಿಲ್ಲ, ಎಲಿಯೆಜರರ ಗೌರವಕ್ಕೆ ನೆಟ್ಟಗಾಗಲೂ ಇಲ್ಲ. ಕೊನೆಗೆ ಆಕಾಶವಾಣಿಯೇ ಆಯಿತು, ಎಲಿಯೆಜರರ ಮಾತೇ ಸರಿ ಎಂದು. ಯೆಹೋಶುವ ಎದ್ದು ನಿಂತು ತೋರಾದ ಮಾತನ್ನೇ ಆಡಿದರು: 'ಅದು ಆಕಾಶದಲ್ಲಿ ಇಲ್ಲ.' ತೋರಾ ಸೀನಾಯಿಯಲ್ಲಿ ಕೊಟ್ಟಾಗಿದೆ, ಇನ್ನು ಆಕಾಶವಾಣಿಗೆ ಕಿವಿಗೊಡುವುದಿಲ್ಲ, ಬಹುಮತದಂತೆ ನಡೆಯಬೇಕೆಂದು ಅದರಲ್ಲೇ ಇದೆಯಲ್ಲ ಎಂದು ಮುಂದೆ ರಬ್ಬಿ ಯಿರ್ಮೆಯಾ ವಿವರಿಸಿದರು. ಆ ಹೊತ್ತಿನಲ್ಲಿ ದೇವರು ಏನು ಮಾಡುತ್ತಿದ್ದ ಎಂದು ರಬ್ಬಿ ನಾತಾನ್ ಪ್ರವಾದಿ ಎಲೀಯನನ್ನು ಕೇಳಿದರಂತೆ. ದೇವರು ನಕ್ಕು, 'ನನ್ನ ಮಕ್ಕಳು ನನ್ನನ್ನು ಗೆದ್ದರು' ಎಂದ ಎಂಬುದು ಎಲೀಯನ ಉತ್ತರ.

ಬಹುಪಾಲು ಉಪನ್ಯಾಸಗಳು ಇಲ್ಲಿಗೆ ನಿಲ್ಲುತ್ತವೆ. ನೀವು ನಿಲ್ಲಬೇಡಿ. 'ಬಹುಮತದಂತೆ' ಎಂದು ಉಲ್ಲೇಖಿಸಿದ ವಿಮೋಚನಕಾಂಡ 23:2ನ್ನು ತೆಗೆದು ನೋಡಿ. ಅಲ್ಲಿರುವ ನೇರ ಅರ್ಥ, ಬಹುಮಂದಿಯ ಹಿಂದೆ ಹೋಗಿ ಕೆಟ್ಟದ್ದನ್ನು ಮಾಡಬೇಡ ಎಂದು! ಮತ್ತೆ ಅದೇ, ವಾಕ್ಯವನ್ನು ತುಂಡರಿಸಿ ಓದುವುದು. ಈ ಸಲ ಕರುಣೆಗಾಗಿ ಅಲ್ಲ, ಅಧಿಕಾರಕ್ಕಾಗಿ. ಅದರ ಫಲವೂ ಮುಂದಿನ ಸಾಲಿನಲ್ಲೇ ಇದೆ. ಗೆದ್ದ ಪಂಡಿತರು ಎಲಿಯೆಜರ್ ಶುದ್ಧವೆಂದಿದ್ದ ವಸ್ತುಗಳನ್ನೆಲ್ಲ ತಂದು ಸುಟ್ಟು, ಅವರಿಗೆ ಬಹಿಷ್ಕಾರ ಹಾಕಿದರು. ಸುದ್ದಿ ತಿಳಿಸಲು ಶಿಷ್ಯ ಅಕಿವ ಕಪ್ಪು ಬಟ್ಟೆಯುಟ್ಟು ಹೋಗಿ, ನಾಲ್ಕು ಮೊಳ ದೂರದಲ್ಲಿ ಕೂತರು. ಎಲಿಯೆಜರ್ ಅತ್ತರು; ಆಲಿವ್ ಕಾಯಿ, ಗೋಧಿ, ಬಾರ್ಲಿಯ ಮೂರನೇ ಒಂದು ಪಾಲು ಹಾಳಾಯಿತು. ಬಹಿಷ್ಕಾರಕ್ಕೆ ಮುಂದಾಳಾದ ರಬ್ಬಾನ್ ಗಮ್ಲಿಯೇಲ್ ಎಲಿಯೆಜರರ ಭಾವಮೈದುನ. ಗಮ್ಲಿಯೇಲರ ತಂಗಿ, ಎಲಿಯೆಜರರ ಹೆಂಡತಿ ಇಮ್ಮಾ ಶಾಲೋಮ್, ಗಂಡ ನೊಂದು ನೆಲಕ್ಕೆ ಬಿದ್ದು ಪ್ರಾರ್ಥಿಸದಂತೆ ದಿನವೂ ಕಾಯುತ್ತಿದ್ದಳು. ಒಂದು ದಿನ ಕಣ್ಣು ತಪ್ಪಿತು. ಬಂದು ನೋಡಿದವಳು 'ಏಳಿ, ನನ್ನ ಅಣ್ಣನನ್ನು ಕೊಂದಿರಿ' ಎಂದಳು. ಅದೇ ಹೊತ್ತಿಗೆ ಗಮ್ಲಿಯೇಲ್ ಮನೆಯಿಂದ ಸಾವಿನ ಸುದ್ದಿಯ ಕೊಂಬು ಕೇಳಿತು. ನಿನಗೆ ಹೇಗೆ ಗೊತ್ತಾಯಿತು ಎಂದು ಗಂಡ ಕೇಳಿದರೆ, ಎಲ್ಲ ಬಾಗಿಲು ಮುಚ್ಚಿದರೂ ನೋಯಿಸಲ್ಪಟ್ಟವರ ಮೊರೆಗೆ ಬಾಗಿಲು ಮುಚ್ಚುವುದಿಲ್ಲವೆಂದು ಅಜ್ಜನ ಮನೆಯಲ್ಲಿ ಕೇಳಿದ್ದೆ ಎಂದಳು. ಈ ಇಡೀ ಕಥೆ ಬರುವುದು ಶಾಸ್ತ್ರಾಧಿಕಾರದ ಪ್ರಕರಣದಲ್ಲಲ್ಲ, ಮಾತಿನಿಂದ ಇನ್ನೊಬ್ಬರನ್ನು ನೋಯಿಸುವುದರ ಪ್ರಕರಣದಲ್ಲಿ.

ದೇವರ ನಗುವೂ ಆ ಹೆಂಗಸಿನ ಮಾತೂ ಒಂದೇ ಪುಟದಲ್ಲಿವೆ. ಸಂಪಾದಕರು ಎರಡನ್ನೂ ಇಟ್ಟರು. ನನ್ನ ಮಟ್ಟಿಗೆ ಯೆಹೂದಿ ದೈವಶಾಸ್ತ್ರ ಇರುವುದು ಇಲ್ಲಿ. 13 ತತ್ವಗಳನ್ನು ಬಾಯಿಪಾಠ ಮಾಡಿದವರಿಗಿಂತ ಈ ಒಂದು ಪುಟವನ್ನು ಕೊನೆಯ ತನಕ ಓದಿದವರು ಅದಕ್ಕೆ ಹತ್ತಿರ ಬಂದಿರುತ್ತಾರೆ.

ದುಃಖದ ಪ್ರಶ್ನೆ ನಿಮ್ಮನ್ನು ಕಾಡದೇ ಇರದು. ಮೈಮೊನಿಡೀಸರ ತಮ್ಮ ದಾವೀದ್ ಭಾರತದ ವ್ಯಾಪಾರಕ್ಕೆ ಹೊರಟು, ಕೆಂಪು ಸಮುದ್ರದ ಐಧಾಬ್ ಬಂದರಿನಿಂದ ಅಣ್ಣನಿಗೆ ಬರೆದ ಕಾಗದ ಗೆನಿಝಾದಲ್ಲಿ ಸಿಕ್ಕಿದೆ. ಅವನು ನಮ್ಮ ಹಿಂದೂ ಮಹಾಸಾಗರದಲ್ಲೇ ಮುಳುಗಿಹೋದ. ಸುದ್ದಿ ಕೇಳಿ ತಾನು ಒಂದು ವರ್ಷ ಹಾಸಿಗೆ ಹಿಡಿದೆ, ಅವನ ಕೈಬರಹ ಕಂಡಾಗಲೆಲ್ಲ ಎದೆ ಕಲಕುತ್ತದೆ ಎಂದು ಅಣ್ಣ ಮುಂದೆ ಬರೆದರು. ತಪ್ಪಿಲ್ಲದೆ ನೋವುಂಡ ಯೋಬನ ಕಥೆಯನ್ನು ಅವರು ತಮ್ಮ ದೊಡ್ಡ ತತ್ವಗ್ರಂಥದಲ್ಲಿ ವಿವೇಚಿಸಿದ್ದು ಅದಾದ ಮೇಲೆ. ಇಪ್ಪತ್ತನೆಯ ಶತಮಾನದಲ್ಲಿ 60 ಲಕ್ಷ ಯೆಹೂದಿಗಳ ಹತ್ಯೆಯ ನಂತರ ಇದೇ ಪ್ರಶ್ನೆ ಪರಂಪರೆಯನ್ನೇ ಸೀಳಿತು: ಚರಿತ್ರೆಯನ್ನು ನಡೆಸುವ ದೇವರ ಮಾತು ಇನ್ನು ಸಾಧ್ಯವಿಲ್ಲವೆಂದರು ರಿಚರ್ಡ್ ರೂಬೆನ್‌ಸ್ಟೈನ್, ಯೆಹೂದಿಯಾಗಿ ಉಳಿಯುವುದೇ ತೋರಾದ 613 ಆಜ್ಞೆಗಳ ಮೇಲಿನ 614ನೆಯ ಆಜ್ಞೆ ಎಂದರು ಎಮಿಲ್ ಫಾಕೆನ್‌ಹೈಮ್. ಇದನ್ನು ಮೊದಲ ವರ್ಷ ಓದಬೇಡಿ. ಯೋಬನ ಪುಸ್ತಕ ಪೂರ್ತಿ ಓದಿದ ಮೇಲೆ ಬನ್ನಿ.

ಹೊರಗಿನವರು ಓದಬಹುದೇ ಎಂದು ಕೇಳಿದ್ದೀರಿ. ತಾಲ್ಮೂಡಿನಲ್ಲೇ ಇದಕ್ಕೆ ಎರಡು ಮಾತಿವೆ: ರಬ್ಬಿ ಯೋಹಾನಾನ್ ಕೂಡದೆಂದರು, ತೋರಾ ಕಲಿಯುವ ಅನ್ಯಜನಾಂಗದವನು ಮಹಾಯಾಜಕನಿಗೆ ಸಮಾನ ಎಂದರು ರಬ್ಬಿ ಮೇಯಿರ್. ಎರಡನ್ನೂ ತಿಳಿದು, ಅತಿಥಿಯ ಎಚ್ಚರದಿಂದ ಓದಿ. ನಮ್ಮ ಓದು ಅವರ ಬದುಕಿಗೆ ಸಮವಲ್ಲ ಎಂಬ ನೆನಪಿದ್ದರೆ ಸಾಕು.

ಇನ್ನು ವಯಸ್ಸು. ಎಲಿಯೆಜರರಿಗೆ ಸುದ್ದಿ ತಂದ ಅದೇ ಅಕಿವ 40 ವರ್ಷದ ತನಕ ಅಕ್ಷರ ಕಲಿತವರಲ್ಲ ಎಂದು ಪರಂಪರೆ ಹೇಳುತ್ತದೆ. ಬಾವಿಯ ಬಳಿ ನೀರು ಬಿದ್ದು ಬಿದ್ದು ತೂತಾದ ಕಲ್ಲನ್ನು ಕಂಡು, ಮಗನನ್ನು ಕರೆದುಕೊಂಡು ಮಕ್ಕಳ ಮೇಷ್ಟರ ಹತ್ತಿರ ಹೋದರು. ಹಲಗೆಯ ಒಂದು ತುದಿ ಅಪ್ಪ, ಇನ್ನೊಂದು ತುದಿ ಮಗ ಹಿಡಿದು ಅಕ್ಷರ ತಿದ್ದಿದರು. ನಮ್ಮ ಕಾಲಕ್ಕೆ ಹತ್ತಿರದವರು ಫ್ರಾಂಜ್ ರೋಸೆನ್‌ಜ್ವೈಗ್ (1886–1929). ಕ್ರೈಸ್ತರಾಗಲು ಹೊರಟಿದ್ದವರು ಹಿಂದಿರುಗಿ, 1920ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ವಯಸ್ಕರಿಗಾಗಿ ಒಂದು ಅಧ್ಯಯನ ಮನೆ ತೆರೆದರು. ಅಲ್ಲಿಗೆ ಬಂದವರು ಹೀಬ್ರೂ ಮರೆತ ವೈದ್ಯರು, ವಕೀಲರು, ವರ್ತಕರು. ಹಿಂದಿನವರು ತೋರಾದಿಂದ ಬದುಕಿನತ್ತ ನಡೆದರು, ನಾವು ಬದುಕಿನಿಂದ ತೋರಾದತ್ತ ನಡೆಯಬೇಕು ಎಂಬುದು ಅವರ ಮಾತು. ಹಾಗಾಗಿ ಗೊತ್ತಿಲ್ಲದವರೇ ಅಲ್ಲಿ ಒಳ್ಳೆಯ ಗುರುಗಳು ಎನಿಸಿಕೊಂಡರು. ರಸಾಯನಶಾಸ್ತ್ರಜ್ಞ ಎಡ್ವರ್ಡ್ ಸ್ಟ್ರೌಸ್ ಬೈಬಲ್ ಪಾಠ ಮಾಡಿದರು. 33 ವರ್ಷ ಬ್ಯಾಂಕಿನಲ್ಲಿ ಸಾಲ, ಬಡ್ಡಿ, ಒತ್ತೆ ನೋಡಿದವರು ಒತ್ತೆಯಿಟ್ಟ ಹೊದಿಕೆಯನ್ನು ಸೂರ್ಯ ಮುಳುಗುವ ಮುನ್ನ ಮರಳಿಸಬೇಕೆಂಬ ವಿಮೋಚನಕಾಂಡದ ನಿಯಮವನ್ನು ಓದಿದರೆ, ಇಪ್ಪತ್ತರ ಹುಡುಗನಿಗೆ ಕಾಣದ್ದು ಕಾಣುತ್ತದೆ.

ಕ್ರಮ ಹೀಗಿರಲಿ. ತೋರಾದ ಐದು ಕಾಂಡಗಳನ್ನು 54 ಪಾಠಗಳಾಗಿ ಮಾಡಿ, ಲೋಕದ ಹೆಚ್ಚಿನ ಸಿನಗಾಗ್‌ಗಳಲ್ಲಿ ವಾರಕ್ಕೊಂದರಂತೆ (ಕೆಲವೊಮ್ಮೆ ಎರಡು ಸೇರಿಸಿ) ಓದಿ ವರ್ಷಕ್ಕೆ ಮುಗಿಸುತ್ತಾರೆ. ಮುಗಿಸಿದ ದಿನವೇ ಮತ್ತೆ ಆದಿಕಾಂಡ. ಆ ವಾರದ ಪಾಠವನ್ನು ಕನ್ನಡ ಬೈಬಲಿನಲ್ಲೇ ಓದಿ. ಅದಕ್ಕೆ ರಾಶಿಯ ವ್ಯಾಖ್ಯಾನ, ತಾಲ್ಮೂಡಿನ ಪುಟಗಳು ಇಂಗ್ಲಿಷಿನಲ್ಲಿ ಸೆಫಾರಿಯಾ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹೀಬ್ರೂ ಅಕ್ಷರಗಳು 22. ಎರಡು ತಿಂಗಳು ಸಾಕು, ನಿಘಂಟು ತೆರೆಯುವಷ್ಟಾದರೂ ಕಲಿಯಿರಿ. ಜೊತೆಗೆ ಓದಲು ಒಂದೇ ಆಧುನಿಕ ಪುಸ್ತಕ ಸಾಕು: ಅಬ್ರಹಾಂ ಜೋಶುವಾ ಹೆಶೆಲ್ 1951ರಲ್ಲಿ ಸಬ್ಬತ್ತಿನ ಬಗ್ಗೆ ಬರೆದ ತೆಳು ಪುಸ್ತಕ. ಮೈಮೊನಿಡೀಸರ ತತ್ವಗ್ರಂಥವನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಅದು ಆಗಲೇ ತರ್ಕ ಕಲಿತು ಕಂಗೆಟ್ಟ ಶಿಷ್ಯನಿಗಾಗಿ ಬರೆದದ್ದು.

ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮಲ್ಲಿ ಆಗಲೇ ಇದೆ: ಗೆಳೆಯ. ಇಬ್ಬರು ಎದುರುಬದುರು ಕೂತು ಓದುವುದಕ್ಕೆ ಅವರಲ್ಲಿ 'ಹವ್ರೂತಾ' ಎನ್ನುತ್ತಾರೆ. 'ಹವೇರ್' ಎಂದರೆ ಗೆಳೆಯ. ನಮ್ಮ ಗಮಕದಲ್ಲೂ ಇಬ್ಬರಿರುತ್ತಾರೆ, ಒಬ್ಬರು ಹಾಡಿದರೆ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಹವ್ರೂತಾದಲ್ಲಿ ಹಾಗಲ್ಲ. ಒಬ್ಬರು ಸಾಲನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿದರೆ, ಅದು ಹಾಗಲ್ಲ ಎಂದು ತೋರಿಸುವುದು ಇನ್ನೊಬ್ಬರ ಕೆಲಸ, ಅದೇ ಸ್ನೇಹ. ನಾಳೆ ಬೆಳಿಗ್ಗೆ ಒಲೆಯ ಕಥೆಯಿಂದ ಶುರು ಮಾಡಿ. ಆಕಾಶವಾಣಿಯನ್ನು ತಳ್ಳಿಹಾಕಿದ್ದು ಸರಿಯೇ ಎಂದು ಒಬ್ಬರು ವಾದಿಸಿ, ಇನ್ನೊಬ್ಬರು ಇಮ್ಮಾ ಶಾಲೋಮಳ ಕಡೆ ನಿಲ್ಲಿ. ತಿಂಗಳಾದ ಮೇಲೆ, ನೀವಿಬ್ಬರೂ ಇನ್ನೂ ಒಪ್ಪದೆ ಉಳಿದ ಸಾಲು ಯಾವುದೆಂದು ನನಗೆ ಬರೆಯಿರಿ. ಮುಂದಿನ ಪಾಠವನ್ನು ಅಲ್ಲಿಂದ ಹೇಳುತ್ತೇನೆ.